ಬಾರ್ ಇರುವ ಸೈಕಲ್ಲು

ನಿಮ್ಮೂರಿನ ಸೈಕಲ್ ಅಂಗಡಿಗೆ ಹೋಗಿ, "ನನಗೊಂದು ಸೈಕಲ್ ಬೇಕಾಗಿತ್ತು" ಎಂದು ಒಮ್ಮೆ ಕೇಳಿನೋಡಿ. ಅಂಗಡಿಯವರು ನಿಮ್ಮ ಎತ್ತರ ಎಷ್ಟೆಂದು ಕೇಳುವುದಿಲ್ಲ. ದಿನಕ್ಕೆಷ್ಟು ದೂರ, ಎಂಥಾ ರಸ್ತೆ, ಹಿಂದೆ ಏನು ಹೇರಿಕೊಂಡು ಹೋಗುತ್ತೀರಿ, ಯಾವುದನ್ನೂ ಕೇಳುವುದಿಲ್ಲ. ಸೀದಾ ಒಂದು ಮೂಲೆಗೆ ಕರೆದುಕೊಂಡು ಹೋಗಿ, ಗುಲಾಬಿಯದೋ ನೇರಳೆಯದೋ ಒಂದನ್ನು ಎಳೆದು ನಿಲ್ಲಿಸಿ, ಮುಂದಿನ ಬುಟ್ಟಿಯ ಮೇಲಿನ ಧೂಳು ಕೊಡವಿ, "ಇದು ಲೇಡೀಸು ಮೇಡಂ" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಇನ್ನು ಉಳಿದಿರುವುದು ಬಣ್ಣದ ಆಯ್ಕೆ ಮಾತ್ರ. ಸೀರೆ ಅಂಗಡಿಯಲ್ಲಿ ನೂರು ಸೀರೆ ಕೆಡವಿಸುವ ನಾವು ಇಲ್ಲಿ ಮಾತ್ರ ಅದ್ಯಾಕೋ ತೋರಿಸಿದ್ದನ್ನೇ ತೆಗೆದುಕೊಂಡು ಬರುತ್ತೇವೆ. ನಾನೂ ಬಂದೆ. ಆ ಹೊಟ್ಟೆಉರಿ ಇನ್ನೂ ಆರಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಮಂಡ್ಯದಲ್ಲಿ. ಊರಾಚೆಯ ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಮನೆಯಿಂದ ಗಿರಣಿಗೆ ಹತ್ತು ಕಿಲೋಮೀಟರು, ಅದರಲ್ಲಿ ಕೊನೆಯ ಮೂರೂವರೆ ನಾಲೆಯ ಪಕ್ಕದ ರಸ್ತೆ. ಸಂಬಳ ತಿಂಗಳಿಗೆ ಹದಿಮೂರೂವರೆ ಸಾವಿರ. ಎಂಟೂವರೆಗೆ ಬಾಗಿಲು ತೆಗೆಯುವ ಹೊತ್ತಿಗೆ ನಾನಲ್ಲಿರಬೇಕು. ಏಕೆಂದರೆ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ.

"ಬಸ್ಸೇ ಫ್ರೀ ಇರುವಾಗ ಸೈಕಲ್ ಯಾಕೆ ತುಳೀತೀಯೇ?" ಎಂದು ಕೇಳದ ಹೆಂಗಸು ನಮ್ಮ ಬೀದಿಯಲ್ಲಿಲ್ಲ. ಶಕ್ತಿ ಯೋಜನೆಯನ್ನು ಹಳಿಯುವವಳು ನಾನಲ್ಲ. 2023ರ ಜೂನ್ 11ರಂದು ಅದು ಶುರುವಾದ ಮೇಲೆ, ಅಲ್ಲಿಯವರೆಗೆ ಮೈಸೂರಿಗೆ ಹೋಗಲೂ ಗಂಡನ ಜೇಬು ನೋಡಬೇಕಿದ್ದ ನಮ್ಮಕ್ಕ ಯಾರ ಅಪ್ಪಣೆಯನ್ನೂ ಕೇಳದೆ ಧರ್ಮಸ್ಥಳಕ್ಕೆ ಹೋಗಿಬಂದಳು. ಸಂತೋಷವೇ. ಆದರೆ ನನ್ನ ರಸ್ತೆಗೆ ಬರುವ ಬಸ್ಸು ಒಂಬತ್ತು ಹತ್ತಕ್ಕೆ. ಅದೂ ಕೂಡುರಸ್ತೆಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಮೂರೂವರೆ ಕಿಲೋಮೀಟರು ನಡೆದು ಹೋಗಿ ಬೀಗ ತೆಗೆದರೆ ಮಾಲೀಕರು ನನ್ನನ್ನು ಇಟ್ಟುಕೊಳ್ಳುತ್ತಾರೆಯೇ? ಬಾರದ ಬಸ್ಸಿನ ಟಿಕೆಟ್ಟು ಫ್ರೀ ಆದರೇನು, ನೂರು ರೂಪಾಯಿ ಆದರೇನು!

ಇನ್ನೊಂದು ಉಪದೇಶ ನಮ್ಮ ಯಜಮಾನರದು. "ಇನ್ನೊಂಚೂರು ಹಾಕಿ ಸ್ಕೂಟಿ ತಗೊಂಡುಬಿಡು." ಈ 'ಇನ್ನೊಂಚೂರು' ಎಂಬ ಮಾತನ್ನು ಕಂಡುಹಿಡಿದವರು ಯಾರೋ ಕಾಣೆ, ದುಡ್ಡು ಎಣಿಸಿ ಗೊತ್ತಿದ್ದವರಂತೂ ಅಲ್ಲ. ಸ್ಕೂಟರಿಗೆ ಲಕ್ಷದ ಹತ್ತಿರ ಹತ್ತಿರ ಬೇಕು. ಸಾಲದ ಕಂತು ತಿಂಗಳಿಗೆ ಮೂರು ಸಾವಿರ ಹಿಡಿಯಿರಿ. ದಿನಕ್ಕೆ ಇಪ್ಪತ್ತರಂತೆ ತಿಂಗಳಿಗೆ ಐನೂರ ಇಪ್ಪತ್ತು ಕಿಲೋಮೀಟರು, ಪೆಟ್ರೋಲು ಲೀಟರಿಗೆ ನೂರು ದಾಟಿದೆ, ಅದು ಸಾವಿರದ ಮೇಲೆ. ವಿಮೆ, ಸರ್ವೀಸು ಬೇರೆ. ಸಂಬಳದ ಮೂರನೇ ಒಂದು ಪಾಲನ್ನು ಆ ಸಂಬಳ ತರಲು ಹೋಗಿಬರುವುದಕ್ಕೇ ಸುರಿಯಬೇಕು. ಹಾಗಾದರೆ ನಾನು ದುಡಿಯುವುದು ಮನೆಗೋ ಸ್ಕೂಟರಿಗೋ?

ಸರಿ, 2024ರ ಜೂನಿನಲ್ಲಿ ಚೀಟಿ ಎತ್ತಿದ ದುಡ್ಡಿನಲ್ಲಿ ಲೇಡೀಸ್ ಸೈಕಲ್ ಕೊಂಡೆ. ಏಳು ಸಾವಿರದ ನಾನೂರು. ಬುಟ್ಟಿ, ಗಂಟೆ, ದಪ್ಪ ಟಯರು, ಸ್ಪಂಜಿನ ಸೀಟು. ಮೊದಲ ವಾರ ಮೈ ಕೈ ನೋವು ಬಂತು. ಅಭ್ಯಾಸವಿಲ್ಲದ್ದಕ್ಕೆ ಎಂದುಕೊಂಡೆ. ತಿಂಗಳಾದ ಮೇಲೆ ಮಂಡಿ ಹಿಡಿಯಿತು. ಗಿರಣಿ ಸೇರುವಷ್ಟರಲ್ಲಿ ಗಂಟೆಗೆ ಐದು ನಿಮಿಷ ಕಡಿಮೆ, ಬೆವರಿ ತೊಪ್ಪೆಯಾಗಿ, ಕುರ್ಚಿಯಿಂದ ಏಳಬೇಕಾದರೆ ಮೇಜು ಹಿಡಿದು ಏಳುತ್ತಿದ್ದೆ. "ಹೆಂಗಸರ ಶರೀರಕ್ಕೆ ಇದೆಲ್ಲ ಆಗುತ್ತೇನಮ್ಮ, ಗರ್ಭಕೋಶ ಜಾರುತ್ತೆ" ಎಂದು ನಮ್ಮತ್ತೆ ಶುರು ಮಾಡಿದರು. ಲೇಡಿ ಡಾಕ್ಟರು ನಕ್ಕುಬಿಟ್ಟು, "ಗರ್ಭಕೋಶಕ್ಕೆ ಏನೂ ಆಗಿಲ್ಲ, ಸೀಟು ತಗ್ಗಾಗಿದೆ ನೋಡಿ. ಮಂಡಿ ಮಡಚಿಕೊಂಡೇ ತುಳಿದರೆ ನೋವು ಬರದೆ ಇನ್ನೇನು?" ಎಂದರು. ಸೀಟು ಎತ್ತೋಣವೆಂದರೆ ಸೀಟಿನ ಕಂಬಿಯೇ ಮೋಟು. ಇನ್ನು ಎತ್ತಬಾರದು ಎಂಬ ಗುರುತಿನವರೆಗೆ ಎತ್ತಿದರೂ ನನ್ನ ಕಾಲು ಚಾಚಲಿಲ್ಲ. ನಾನು ಐದಡಿ ಐದಂಗುಲ. ಹೆಂಗಸರಲ್ಲಿ ಅದೇನು ತಾಳೆಮರವಲ್ಲವಲ್ಲ!

ಆಗ ನನಗೊಂದು ಹಳೆಯ ಸಂಗತಿ ನೆನಪಾಯಿತು. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಷ್ಟೆ. ಆ ಮೊದಲ ವರ್ಷ ಸೈಕಲ್ ಪಡೆದವರಲ್ಲಿ ನಾನೂ ಒಬ್ಬಳು. ಹದಿಮೂರು ವರ್ಷ ನನಗೆ. ಹಳ್ಳಿಯಿಂದ ಹೈಸ್ಕೂಲಿಗೆ ನಾಲ್ಕು ಕಿಲೋಮೀಟರು ಗಾಳಿಯ ಹಾಗೆ ಹೋಗುತ್ತಿದ್ದೆ. ಹತ್ತನೇ ತರಗತಿ ಮುಗಿದದ್ದೇ ತಡ, ಆ ಸೈಕಲ್ಲಿಗೆ ನಮ್ಮಪ್ಪ ಹಾಲಿನ ಕ್ಯಾನು ಕಟ್ಟಿದರು. ದೊಡ್ಡವಳಾದ ಹುಡುಗಿಗೆ ಸೈಕಲ್ ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹದಿನೆಂಟು ವರ್ಷಗಳ ನಂತರ ಏಳು ಸಾವಿರ ಕೊಟ್ಟು ನಾನು ತಂದದ್ದನ್ನು ಟೇಪು ಹಿಡಿದು ಅಳೆದರೆ, ಹೆಚ್ಚುಕಡಿಮೆ ಅದೇ ಅಳತೆ! ನಾನು ಬೆಳೆದಿದ್ದೆ, ಅಂಗಡಿಯವರ 'ಲೇಡೀಸು' ಇನ್ನೂ ಎಂಟನೇ ಕ್ಲಾಸಿನಲ್ಲೇ ಕುಳಿತಿತ್ತು.

ನಮ್ಮ ಗಿರಣಿಗೆ ಹೋಗುವ ದಾರಿಯಲ್ಲಿ ಪಂಕ್ಚರ್ ಹಾಕುವ ಒಬ್ಬ ಅಜ್ಜ ಇದ್ದಾರೆ. ದಿನವೂ ಗಾಳಿ ಹೊಡೆಸಿಕೊಳ್ಳುತ್ತಿದ್ದರಿಂದ ಪರಿಚಯ. ಒಂದು ದಿನ ಅವರೇ, "ನಿಂಗ್ಯಾಕವ್ವ ಈ ಗುಜ್ಜಾರಿ ಸೈಕಲ್ಲು? ನಿನ್ ಕಾಲಿಗೆ ಇಪ್ಪತ್ತೆರಡಿಂಚಿಂದು ಸರಿಹೋಯ್ತದೆ" ಎಂದು ಒಳಗಿನಿಂದ ಒಂದು ಹಳೆಯ ಕರಿಯ ಸೈಕಲ್ ತಂದು ನಿಲ್ಲಿಸಿದರು. ಹಾಲಿನವರು, ಪೋಸ್ಟಿನವರು ತುಳಿಯುತ್ತಿದ್ದರಲ್ಲ, ಅದೇ. ಇಪ್ಪತ್ತೆಂಟಿಂಚಿನ ಚಕ್ರ, ಅಗಲವಿಲ್ಲದ ಟಯರು, ಕಬ್ಬಿಣದ ಕ್ಯಾರಿಯರು, ಮತ್ತು ಅಡ್ಡಕ್ಕೆ ನೆಟ್ಟಗೊಂದು ಬಾರು. ಎರಡು ಸಾವಿರದ ಮುನ್ನೂರಕ್ಕೆ ಕೊಟ್ಟರು. ಹೊಸ ಟಯರು ಟ್ಯೂಬು, ಚೈನು, ಬ್ರೇಕಿನ ರಬ್ಬರು, ಎರಡು ಚಕ್ರದ ಬೆಂಡು ತೆಗೆದದ್ದು, ಪೂರ್ತಿ ಮುಚ್ಚುವ ಚೈನ್ ಕವರು ಎಲ್ಲ ಸೇರಿ ಸಾವಿರದ ಇನ್ನೂರ ಐವತ್ತು. ಒಟ್ಟು ಮೂರು ಸಾವಿರದ ಐನೂರ ಐವತ್ತು. ಹಳೆಯದನ್ನು, ಅಂದರೆ ಹೊಸದನ್ನು, ಮೂರು ಸಾವಿರಕ್ಕೆ ಮಾರಿದೆ. ನಾಲ್ಕು ಸಾವಿರದ ನಾನೂರು ರೂಪಾಯಿ ನಷ್ಟವನ್ನು ಯಾವ ಖಾತೆಗೆ ಬರೆಯಲಿ ಹೇಳಿ.

ಮಾರುವ ಮುಂಚೆ ಒಂದು ಕೆಲಸ ಮಾಡಿದೆ. ಲೆಕ್ಕದವಳ ಚಪಲ. ಗಿರಣಿಯಲ್ಲಿ ಮೂಟೆ ತೂಗುವ ತಕ್ಕಡಿ ಇದೆಯಲ್ಲ, ಎರಡೂ ಸೈಕಲ್ಲನ್ನು ಅದರ ಮೇಲೆ ನಿಲ್ಲಿಸಿದೆ. ಲೇಡೀಸ್ ಸೈಕಲ್ ಹದಿನೆಂಟು ಕೇಜಿ ನಾನೂರು ಗ್ರಾಂ. ಕರಿಯದು ಹತ್ತೊಂಬತ್ತು ಕೇಜಿ ಆರುನೂರು. ಹಮಾಲರೆಲ್ಲ ನಗುತ್ತಿದ್ದರು. "ಲೈಟ್ ವೇಟ್ ಮೇಡಂ, ನಿಮಗೆ ಹಗುರವಾಗಿರುತ್ತೆ" ಎಂದು ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಒಂದು ಕೇಜಿ ಇನ್ನೂರು ಗ್ರಾಂ ಹಗುರವೇ. ಆದರೆ ಹಗುರದ್ದು ನನ್ನನ್ನು ಸುಸ್ತು ಮಾಡುತ್ತಿತ್ತು, ಭಾರದ್ದು ಮುಕ್ಕಾಲು ಗಂಟೆಯಲ್ಲಿ ಗಿರಣಿ ಸೇರಿಸುತ್ತದೆ. ಆಮೇಲೆ ಗೋಡೌನಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಪೆಡಲು ಒಂದು ಸುತ್ತು ಬಂದರೆ ಸೈಕಲ್ ಎಷ್ಟು ಮುಂದೆ ಹೋಗುತ್ತದೆಂದು ಅಳೆದೆ. ಎರಡರಲ್ಲೂ ಮುಂದೆ 44 ಹಲ್ಲು, ಹಿಂದೆ 18. ಆದರೆ ಚಕ್ರ ದೊಡ್ಡದಲ್ಲವೇ, ಚಿಕ್ಕದು ಐದು ಮೀಟರು ಹೋದರೆ ಕರಿಯದು ಐದು ಮೀಟರು ನಲವತ್ತು ಸೆಂಟಿಮೀಟರು ಹೋಯಿತು. ಹತ್ತು ಕಿಲೋಮೀಟರಿಗೆ ಸುಮಾರು ನೂರೈವತ್ತು ಸುತ್ತು ಉಳಿತಾಯ. ಸುತ್ತು ಕಡಿಮೆಯಾದರೆ ಒಂದೊಂದು ಸುತ್ತಿಗೂ ಬಲ ಸ್ವಲ್ಪ ಹೆಚ್ಚು ಹಾಕಬೇಕು ನಿಜ. ಆದರೆ ಕಾಲು ಪೂರ್ತಿ ಚಾಚಿ ತುಳಿಯುವಾಗ ಆ ಬಲ ತಾನಾಗಿ ಬರುತ್ತದೆ. ದಪ್ಪ ಟಯರಿನ ಗುಬುಟುಗಳು ಡಾಂಬರನ್ನು ಹಿಡಿದೆಳೆಯುವ ಕಾಟವೂ ಇಲ್ಲ.

ಮನೆಗೆ ತಂದ ದಿನ ದೊಡ್ಡ ರಾದ್ಧಾಂತ. ಸಾಲ ಮಾಡಿದ್ದಕ್ಕಲ್ಲ, ಮಾಡಿರಲಿಲ್ಲ. ಬಾರಿಗೆ. "ಗಂಡಸರ ಸೈಕಲ್ ಮೇಲೆ ಕಾಲೆತ್ತಿ ಹಾಕಿ ಕೂರ್ತೀಯಾ?" ಎಂದು ಅತ್ತೆ ಮೂರು ದಿನ ಮಾತು ಬಿಟ್ಟರು. ಒಂದು ಕಬ್ಬಿಣದ ಕೊಳವೆ ನೆಟ್ಟಗಿದೆಯೋ ಬಗ್ಗಿದೆಯೋ ಎಂಬುದರಲ್ಲಿ ಮನೆತನದ ಮಾನ ಅಡಗಿದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ! ಆ ಬಾರನ್ನು ಬಗ್ಗಿಸಿದ್ದು ನೂರು ವರ್ಷಕ್ಕೂ ಹಿಂದೆ, ನೆಲ ಗುಡಿಸುವಂಥ ಉದ್ದ ಲಂಗ ತೊಡುತ್ತಿದ್ದ ಪರದೇಶದ ಹೆಂಗಸರಿಗಾಗಿ. ನಮ್ಮಲ್ಲಿ ಸೀರೆಗೂ ಅದು ಅನುಕೂಲವಾಯಿತು. ಸೀರೆಯುಟ್ಟೇ ಕೆಲಸಕ್ಕೆ ಹೋಗಬೇಕಾದವರಿಗೆ ಇವತ್ತಿಗೂ ಅದೇ ಬೇಕು, ಅದನ್ನು ನಾನು ಬೇಡವೆನ್ನುತ್ತಿಲ್ಲ. ಅದನ್ನೂ ಬೆಳೆದ ಹೆಂಗಸಿನ ಅಳತೆಗೆ ಮಾಡಿ, ಉದ್ದದ ಸೀಟುಕಂಬಿ ಹಾಕಿ ಎನ್ನುತ್ತಿದ್ದೇನೆ. ಚೂಡಿದಾರ ಹಾಕಿಕೊಂಡು ಹೋಗುವ ನನಗೆ ಬಗ್ಗಿದ ಬಾರು ಯಾವ ಉಪಕಾರಕ್ಕೆ?

ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಕಥೆಯನ್ನು ನಮ್ಮತ್ತೆಗೆ ಹೇಳಿದೆ. 1990ರ ದಶಕದ ಆರಂಭದಲ್ಲಿ ಅಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹಳ್ಳಿಯ ಹೆಂಗಸರಿಗೆ ಸೈಕಲ್ ಕಲಿಸಿದರು. ಕೂಲಿಯವರು, ಕಲ್ಲು ಒಡೆಯುವವರು, ಅಂಗನವಾಡಿಯವರು, ಸಾವಿರಗಟ್ಟಲೆ ಹೆಂಗಸರು ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ವಿವರವಾಗಿ ಬರೆದಿದ್ದಾರೆ. ಲೇಡೀಸ್ ಸೈಕಲ್ ಸಾಕಷ್ಟು ಸಿಗದೆ ಆ ಹೆಂಗಸರು ಗಂಡಸರ ಸೈಕಲ್ಲನ್ನೇ ಹತ್ತಿದರು. ಆಮೇಲೆ ಕೆಲವರಿಗೆ ಅದೇ ಮೇಲೆನಿಸಿತು, ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಲ್ಲ! ಅತ್ತೆ ಕೇಳಿಸಿಕೊಂಡು, "ಅದು ತಮಿಳುನಾಡು" ಎಂದರು. ಮಂಡ್ಯದಿಂದ ತಮಿಳುನಾಡಿಗೆ ನಾವು ಕಾವೇರಿಯ ವಿಷಯದಲ್ಲಿ ಮಾತ್ರ ಇಷ್ಟು ದೂರವೆಂದುಕೊಂಡಿದ್ದೆ.

ಅಂಗಡಿಯವರನ್ನೂ ಅತ್ತೆಯನ್ನೂ ಬಿಡಿ, ದೊಡ್ಡವರ ಲೆಕ್ಕ ನೋಡಿ. 2019ರ ಆಗಸ್ಟಿನಲ್ಲಿ ವಿದ್ಯುತ್ ವಾಹನಗಳ ಜಿ.ಎಸ್.ಟಿ.ಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿದರು. ಪರಿಸರಕ್ಕೆ ಒಳ್ಳೆಯದಂತೆ. ಪೆಟ್ರೋಲೂ ಬೇಡದ, ಕರೆಂಟೂ ಬೇಡದ, ಬರೀ ಅನ್ನದ ಮೇಲೆ ಓಡುವ ಸೈಕಲ್ಲಿಗೆ ಮಾತ್ರ 12 ಹಾಗೇ ಉಳಿಯಿತು. ಅದನ್ನು 5ಕ್ಕೆ ಇಳಿಸಿದ್ದು 2025ರ ಸೆಪ್ಟೆಂಬರ್ 22ರಿಂದ. ಆರು ವರ್ಷ! ಲಕ್ಷ ಕೊಟ್ಟು ವಿದ್ಯುತ್ ಸ್ಕೂಟರ್ ಕೊಳ್ಳುವವರು ನೂರಕ್ಕೆ ಐದು, ಚೀಟಿ ಎತ್ತಿ ಸೈಕಲ್ ಕೊಳ್ಳುವವಳು ನೂರಕ್ಕೆ ಹನ್ನೆರಡು. ನನ್ನ ಏಳು ಸಾವಿರದ ನಾನೂರರಲ್ಲಿ 793 ರೂಪಾಯಿ ಹಾಗೆ ಹೋಯಿತು. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ನಿಂತದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಆ ದಿನ ಸೈಕಲ್ ಹೊಗಳುವ ಭಾಷಣಗಳಿಗೇನೂ ಪ್ರತಿವರ್ಷ ಬರವಿಲ್ಲ.

ಕರಿಯ ಸೈಕಲ್ಲಿನಲ್ಲಿ ದೋಷವೇ ಇಲ್ಲವೆಂದು ನಾನು ಹೇಳಿದರೆ ನಾನೂ ಅಂಗಡಿಯವಳಾಗುತ್ತೇನೆ. ಮಳೆಯಲ್ಲಿ ನೆನೆದ ಸ್ಟೀಲ್ ರಿಮ್ಮಿಗೆ ಬ್ರೇಕು ಸರಿಯಾಗಿ ಕಚ್ಚುವುದಿಲ್ಲ, ನಾಲೆಯ ಇಳಿಜಾರಿನಲ್ಲಿ ನಾನು ಇಳಿದು ತಳ್ಳುತ್ತೇನೆ. ಕ್ಯಾರಿಯರಿಗೆ ಊಟದ ಬ್ಯಾಗು ಕಟ್ಟಿದರೆ ಹಿಂದಿನಿಂದ ಕಾಲು ಹಾಕಲಾಗುವುದಿಲ್ಲ. ಅದಕ್ಕೆ ಬ್ಯಾಗನ್ನು ಹ್ಯಾಂಡಲಿಗೆ ಸಿಕ್ಕಿಸಿ, ಸೈಕಲ್ಲನ್ನು ಓರೆ ಮಾಡಿ ಹತ್ತುವುದನ್ನು ಕಲಿತೆ. ಮೊದಲ ದಿನ ಗಿರಣಿಯ ಮುಂದೆಯೇ ಬಿದ್ದೆ. ವೇಲನ್ನು ಸೊಂಟಕ್ಕೆ ಬಿಗಿದೇ ಹತ್ತಬೇಕು, ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಬರುತ್ತದೆ. ಕಬ್ಬಿನ ಟ್ರಾಕ್ಟರುಗಳ ಕಾಲದಲ್ಲಿ ಕತ್ತಲಾದ ಮೇಲೆ ಹಿಂದೊಂದು ಕೆಂಪು ಲೈಟಿಲ್ಲದೆ ಹೊರಡುವುದಿಲ್ಲ. ಗಾಳಿ ಎಷ್ಟಿರಬೇಕೆಂದು ಟಯರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ, ಓದುವವರಿಲ್ಲ. ಗೇರಿನ ಸೈಕಲ್ ತಗೊಳ್ಳಲೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ನಿಮ್ಮ ದಾರಿಯ ಪಂಕ್ಚರ್ ಅಂಗಡಿಯವರಿಗೆ ಗೇರು ಕೂರಿಸಲು ಬರುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ನಮ್ಮ ಅಜ್ಜನಿಗೆ ಬರುವುದಿಲ್ಲ. ನನ್ನ ಸೈಕಲ್ಲಿನ ಒಂದೊಂದು ನಟ್ಟೂ ಅವರಿಗೆ ಗೊತ್ತು.

ಮೊನ್ನೆ ಪಕ್ಕದ ಮನೆಯ ಸೊಸೆ ಮೆಲ್ಲಗೆ ಬಂದು, "ಅಕ್ಕಾ, ನಂಗೂ ಒಂದು ನೋಡ್ತೀರಾ? ಗಾರ್ಮೆಂಟ್ಸಿಗೆ ಆರು ಕಿಲೋಮೀಟರು" ಎಂದಳು. ಅವಳು ಐದಡಿಯೂ ಇಲ್ಲ, ಇಪ್ಪತ್ತೆರಡಿಂಚು ಅವಳಿಗಾಗದು. ಅಜ್ಜನ ಹತ್ತಿರ ಇಪ್ಪತ್ತಿಂಚಿನದೊಂದು ಇದೆಯಂತೆ, ಸಾವಿರದ ಒಂಬೈನೂರು ಹೇಳುತ್ತಿದ್ದಾರೆ. ಸಾವಿರದ ಐನೂರರ ಮೇಲೆ ಒಂದು ರೂಪಾಯಿಯೂ ಹತ್ತಬೇಡ, ಹತ್ತಿ ಕೂತು ಕಾಲು ಚಾಚಿ ನೋಡುವ ತನಕ ದುಡ್ಡು ಕೊಡಬೇಡ ಎಂದಿದ್ದೇನೆ. ಭಾನುವಾರ ಟೇಪು ಹಿಡಿದುಕೊಂಡು ಇಬ್ಬರೂ ಹೋಗುವುದೆಂದಾಗಿದೆ. ಅವಳ ಅತ್ತೆಗೆ ಇನ್ನೂ ಹೇಳಿಲ್ಲ.