ಬಣ್ಣ ಬಿಡಿ, ಗೂಡು ನೋಡಿ

ಗೋಸುಂಬೆ ಸಾಕಿದವರು ಪಶುವೈದ್ಯರ ಮುಂದೆ ಮೊದಲು ಎತ್ತುವುದು ಬಣ್ಣದ ಮಾತನ್ನು. ‘ನಿನ್ನೆಯಿಂದ ಕಪ್ಪಗಿದೆ ಡಾಕ್ಟ್ರೇ’, ‘ಹಸಿರು ಮಾಸಿದೆ’, ‘ಮೈಮೇಲೆ ಚುಕ್ಕೆ ಎದ್ದಿವೆ’. ಬಣ್ಣಕ್ಕೇ ಹೆಸರಾದ ಪ್ರಾಣಿಯ ಆರೋಗ್ಯವನ್ನು ಬಣ್ಣದಿಂದ ಅಳೆಯಬೇಕು ಅನ್ನಿಸುವುದು ಸಹಜ. ಅದರಲ್ಲಿ ಸತ್ಯಾಂಶವೂ ಇದೆ. ದಿನವಿಡೀ ಮಂಕಾಗಿ, ಕಪ್ಪಿಟ್ಟು ಕೂತ ಗೋಸುಂಬೆ ಸುಖವಾಗಿಲ್ಲ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಬಣ್ಣವನ್ನೇ ನೆಚ್ಚಿಕೊಂಡವರಿಗೆ ಕಾಯಿಲೆ ತಿಳಿಯುವ ಹೊತ್ತಿಗೆ ಅದು ಕೈಮೀರಿರುತ್ತದೆ. ತಿಳಿದ ಮೇಲೂ ಅದರ ಬೇರನ್ನು ಪ್ರಾಣಿಯ ಮೈಯಲ್ಲಿ ಹುಡುಕುತ್ತೇವೆ. ಬೇರು ಹೆಚ್ಚಾಗಿ ಇರುವುದು ಗೂಡಿನಲ್ಲಿ.

ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಯ ಚರ್ಮವನ್ನು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷಿಸಿ 2015ರಲ್ಲಿ ವರದಿ ಪ್ರಕಟಿಸಿದರು. ಚರ್ಮದ ಕೋಶಗಳೊಳಗೆ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳು ಸಾಲುಗಟ್ಟಿರುತ್ತವೆ. ಪ್ರಾಣಿ ಶಾಂತವಾಗಿದ್ದಾಗ ಒತ್ತೊತ್ತಾಗಿರುವ ಈ ಹರಳುಗಳು ಎದುರಾಳಿ ಗಂಡು ಕಂಡಾಗ ದೂರ ಸರಿಯುತ್ತವೆ, ಮೈ ಹಳದಿಗೆ, ಕೆಂಪಿಗೆ ತಿರುಗುತ್ತದೆ. ಬೆಳಗಿನ ಚಳಿಯಲ್ಲಿ ಬಿಸಿಲು ಹೀರಲು ಗೋಸುಂಬೆ ಕಪ್ಪಾಗುವುದೂ ಉಂಟು. ಸಾಕುವವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಯೆಮನ್ ಮತ್ತು ಸೌದಿ ಅರೇಬಿಯಾದ ನೈರುತ್ಯ ಭಾಗದ ವೇಲ್ಡ್ ಗೋಸುಂಬೆ. ಅದರ ಹೆಣ್ಣು ಬಸಿರಾದಾಗ ಕಡುಬಣ್ಣ ತಾಳಿ, ಮೈಮೇಲೆ ಹಳದಿ, ನೀಲಿ ಚುಕ್ಕೆಗಳು ಮೂಡುತ್ತವೆ. ಕಾಯಿಲೆಯೆಂದು ಗಾಬರಿಗೊಂಡವರ ಮುಂದೆ ಇರುವುದು ಮೊಟ್ಟೆ ಹೊತ್ತ ಆರೋಗ್ಯವಂತ ಹೆಣ್ಣು ಇರಬಹುದು. ಇದಕ್ಕೆ ತದ್ವಿರುದ್ಧವಾಗಿ, ನಿಜಕ್ಕೂ ನರಳುತ್ತಿರುವ ಗೋಸುಂಬೆ ಮನುಷ್ಯರ ಕೈ ಹತ್ತಿರ ಬಂದೊಡನೆ ಮೈ ಉಬ್ಬಿಸಿ, ಬಣ್ಣ ಏರಿಸಿಕೊಂಡು ನಿಲ್ಲಬಹುದು. ಹಕ್ಕಿಗೆ, ಹಾವಿಗೆ ಆಹಾರವಾಗುವ ಪ್ರಾಣಿ ತನ್ನ ನಿಶ್ಶಕ್ತಿಯನ್ನು ಆದಷ್ಟು ಬಚ್ಚಿಡುತ್ತದೆ.

ಹಾಗಾದರೆ ನೋಡಬೇಕಾದ್ದು ಏನನ್ನು? ನನ್ನ ಮಟ್ಟಿಗೆ ಮೊದಲ ಸ್ಥಾನ ಹಿಕ್ಕೆಗೆ. ಗೋಸುಂಬೆಯ ಹಿಕ್ಕೆಯಲ್ಲಿ ಕಂದು ಭಾಗದ ಜೊತೆಗೆ ಒಂದು ಬಿಳಿ ಗಟ್ಟಿ ಇರುತ್ತದೆ. ಅದು ಯೂರಿಕ್ ಆಮ್ಲ, ಎಂದರೆ ಅದರ ಮೂತ್ರ. ಬಿಳಿಯಾಗಿದ್ದರೆ ನೀರು ಸಾಲುತ್ತಿದೆ. ಕಿತ್ತಳೆ ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಒತ್ತಿದರೆ ಮರಳಿನಂತೆ ಪುಡಿಯಾದರೆ ಪ್ರಾಣಿ ಬಾಯಾರಿದೆ. ಬಟ್ಟಲಲ್ಲಿ ನೀರು ತುಂಬಿಟ್ಟಿದ್ದರೂ ಹೀಗಾಗುತ್ತದೆ. ನಿಂತ ನೀರನ್ನು ಹೆಚ್ಚಿನ ಗೋಸುಂಬೆಗಳು ನೀರೆಂದು ಗುರುತಿಸುವುದೇ ಇಲ್ಲ, ಎಲೆಯ ಮೇಲಿನ ಹನಿಯನ್ನು ನೆಕ್ಕಿ ಕುಡಿಯುತ್ತವೆ. ಆಮೇಲೆ ಕಣ್ಣು. ಗುಳಿಬಿದ್ದ ಕಣ್ಣು ನೀರಿನ ಕೊರತೆಯ ಗುರುತು. ಹಾಡಹಗಲೇ ಕಣ್ಣು ಮುಚ್ಚಿ ಕೂತಿದ್ದರೆ ನಾಳೆ ನೋಡೋಣ ಎನ್ನುವ ಮಾತೇ ಬೇಡ, ಅಂದೇ ವೈದ್ಯರಿಗೆ ತೋರಿಸಿ. ಮೂರನೆಯದು ಹಿಡಿತ. ಇಕ್ಕಳದಂಥ ಪಾದಗಳಿಂದ ಕೊಂಬೆಯನ್ನು ಬಿಗಿಯಾಗಿ ಹಿಡಿಯುತ್ತಿದ್ದ ಪ್ರಾಣಿ ಈಗ ಮುಂಗೈಯನ್ನೇ ಕೊಂಬೆಗೆ ಊರಿಕೊಂಡು ನಡೆಯುತ್ತಿದೆಯೇ? ಗುರಿ ತಪ್ಪದ ನಾಲಗೆ ಹುಳುವನ್ನು ಮುಟ್ಟುವ ಮೊದಲೇ ಸೋತು ಬೀಳುತ್ತಿದೆಯೇ? ಬಣ್ಣ ಎಷ್ಟೇ ಹಸಿರಾಗಿರಲಿ, ಒಳಗೆ ಮೂಳೆ ಮೆತ್ತಗಾಗುತ್ತಿರಬಹುದು.

ಸಾಕಿದ ಗೋಸುಂಬೆಗಳನ್ನು ತುಂಬ ಕಾಡುವುದು ಈ ಮೂಳೆಯ ಕಾಯಿಲೆಯೇ. ‘ಕ್ಯಾಲ್ಸಿಯಂ ಪುಡಿ ಹಾಕಿ’ ಎಂದು ಗೆಳೆಯರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಪುಡಿ ಬೇಕು, ನಿಜ. ಅಂಗಡಿಯ ಕ್ರಿಕೆಟ್ ಹುಳುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಆದರೆ ನುಂಗಿದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ3 ಜೀವಸತ್ವ ಬೇಕು. ಅದು ಚರ್ಮದಲ್ಲಿ ತಯಾರಾಗಲು ಸುಮಾರು 290ರಿಂದ 315 ನ್ಯಾನೊಮೀಟರಿನ ಯುವಿಬಿ ಕಿರಣ ಬೇಕು. ಕಿಟಕಿಯ ಗಾಜು ಆ ಕಿರಣವನ್ನು ಬಹುಪಾಲು ತಡೆದುಬಿಡುತ್ತದೆ. ಹೀಗಾಗಿ ಗಾಜಿನ ಹಿಂದೆ ದಿನವಿಡೀ ಬಿಸಿಲಲ್ಲಿ ಕೂತ ಗೋಸುಂಬೆ ಕಿರಣದ ಮಟ್ಟಿಗೆ ಕತ್ತಲಲ್ಲೇ ಇರುತ್ತದೆ. ಯುವಿಬಿ ದೀಪ ತಂದವರೂ ನೆನಪಿಡಬೇಕಾದ ಒಂದು ವಿಷಯವಿದೆ. ದೀಪ ಮೊದಲಿನಂತೆಯೇ ಬೆಳಗುತ್ತಿದ್ದರೂ ಅದರೊಳಗಿನ ಯುವಿಬಿ ತಿಂಗಳು ಕಳೆದಂತೆ ಕುಗ್ಗುತ್ತದೆ. ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ, ಅದನ್ನು ಬದಲಿಸಬೇಕು. ದೀಪ ಹಳತಾಗಿದೆಯೆಂದು ತಿಳಿಯದೆ ಪುಡಿಯನ್ನೇ ಹೆಚ್ಚಿಸುತ್ತ, ಡಿ3 ಬೆರೆತ ಪುಡಿಯನ್ನು ಊಟಕ್ಕೊಮ್ಮೆ ಉದುರಿಸುತ್ತ ಹೋದರೆ ಇನ್ನೊಂದು ಆಪತ್ತು ಕಾದಿರುತ್ತದೆ. ಡಿ3 ಅತಿಯಾದರೆ ಮೂತ್ರಪಿಂಡದಲ್ಲಿ, ರಕ್ತನಾಳದಲ್ಲಿ ಸುಣ್ಣ ಕಟ್ಟುತ್ತದೆ.

ಉಸಿರಾಟದ ಸೋಂಕಿನ ಕಥೆಯೂ ಹೀಗೆಯೇ. ದೀಪದ ಕೆಳಗೆ ಸ್ವಲ್ಪ ಹೊತ್ತು ಬಾಯಿ ತೆರೆದಿದ್ದರೆ ಸೆಕೆಯಾಗಿದೆ ಎಂದರ್ಥ. ತಂಪಿನಲ್ಲೂ ಬಾಯಿ ತೆರೆದು, ತಲೆ ಮೇಲೆತ್ತಿ, ಜೊಲ್ಲು ಸುರಿಸುತ್ತ ಏದುಸಿರು ಬಿಡುತ್ತಿದ್ದರೆ ಸೋಂಕು. ಗಾಳಿಯಾಡದ ಗಾಜಿನ ತೊಟ್ಟಿಯಲ್ಲಿ ಸದಾ ತೇವ ನಿಂತಿದ್ದರೆ ಒಂದು ಸೋಂಕು ವಾಸಿಯಾಗುವಷ್ಟರಲ್ಲಿ ಇನ್ನೊಂದು ಹತ್ತುತ್ತದೆ. ಆಂಟಿಬಯಾಟಿಕ್ ಬರೆದ ವೈದ್ಯರದ್ದು ಇದರಲ್ಲಿ ತಪ್ಪಿಲ್ಲ. ಸರೀಸೃಪದ ರೋಗನಿರೋಧಕ ಶಕ್ತಿಯೂ ಮೈಯಲ್ಲಿ ಔಷಧ ಕೆಲಸಮಾಡುವ ವೇಗವೂ ಅದರ ಮೈಬಿಸಿಯನ್ನೇ ಅವಲಂಬಿಸಿವೆ. ತಣ್ಣನೆಯ ಗೂಡಿನಲ್ಲಿ ಒಳ್ಳೆಯ ಔಷಧವೂ ಸೋಲುತ್ತದೆ. ಮೈಯಲ್ಲಿ ನೀರಿಲ್ಲದ ಪ್ರಾಣಿಗೆ ಕೆಲವು ಆಂಟಿಬಯಾಟಿಕ್‌ಗಳು ಮೂತ್ರಪಿಂಡವನ್ನೇ ಕೆಡಿಸುತ್ತವೆ. ನೀರು, ಬಿಸಿ, ಗಾಳಿ ಸರಿಯಾಗದೆ ಮಾತ್ರೆಯ ಮೊರೆ ಹೋಗಬಾರದು ಎನ್ನುವುದು ಇದಕ್ಕೇ.

ಹೆಣ್ಣು ಗೋಸುಂಬೆಯ ವಿಷಯದಲ್ಲಂತೂ ನನಗೆ ಸಂಕಟವಾಗುತ್ತದೆ. ವೇಲ್ಡ್ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ಅಗೆದು ಇಡಲು ಸುಮಾರು 30 ಸೆಂಟಿಮೀಟರ್ ಆಳದ ತೇವದ ಮರಳು ಸಿಗದಿದ್ದರೆ ಮೊಟ್ಟೆಗಳು ಒಳಗೇ ಉಳಿದು ಪ್ರಾಣ ತೆಗೆಯಬಹುದು. ‘ಗಂಡೇ ಇಲ್ಲವಲ್ಲ, ಮೊಟ್ಟೆ ಎಲ್ಲಿಂದ’ ಎಂದುಕೊಂಡವರ ಮನೆಯಲ್ಲಿ ಒಂದು ಬಕೆಟ್ ಮರಳಿಲ್ಲದೆ ಹೆಣ್ಣು ಸಾಯುತ್ತದೆ. ಪ್ರೀತಿಯಿಂದ ಅತಿಯಾಗಿ ತಿನ್ನಿಸಿದಷ್ಟೂ ಮೊಟ್ಟೆಯ ಸಂಖ್ಯೆ, ಅದರೊಂದಿಗೆ ಅಪಾಯ, ಎರಡೂ ಏರುತ್ತವೆ.

ಹಾಗಾದರೆ ವೈದ್ಯರೇ ಬೇಡವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಬೇಕು. ಮೂಳೆಯ ಸ್ಥಿತಿ ತಿಳಿಯಲು ಎಕ್ಸ್‌ರೇ, ಹೊಟ್ಟೆಹುಳು ತಿಳಿಯಲು ಹಿಕ್ಕೆಯ ಪರೀಕ್ಷೆ ಅವರೇ ಮಾಡಬೇಕು. ಬಾಯಿಹುಣ್ಣಿಗೆ, ಊದಿದ ಕೀಲಿಗೆ, ಸಿಕ್ಕಿಕೊಂಡ ಮೊಟ್ಟೆಗೆ ಮನೆಮದ್ದಿಲ್ಲ. ನಾನು ಹೇಳುವುದು ಇಷ್ಟು: ಪ್ರಾಣಿಯೊಡನೆ ಗೂಡಿನ ಫೋಟೊ, ದೀಪದ ಡಬ್ಬಿ, ಅದನ್ನು ಕೊಂಡ ತಾರೀಖು, ಪುಡಿಯ ಬಾಟಲಿ, ತಾಜಾ ಹಿಕ್ಕೆ, ವಾರವಾರ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಟ್ಟ ತೂಕದ ಚೀಟಿ, ಇಷ್ಟನ್ನೂ ತೆಗೆದುಕೊಂಡು ಹೋಗಿ. ಕಪ್ಪಾದ ಬಣ್ಣದ ಹತ್ತು ಫೋಟೊಗಳಿಗಿಂತ ಆ ಚೀಟಿ ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಕನ್ನಡನಾಡಿನ ಓದುಗರಿಗೆ ಇನ್ನೊಂದು ಮಾತು. ನಮ್ಮ ಕುರುಚಲು ಕಾಡಿನಲ್ಲಿ, ತೋಟದ ಬೇಲಿಯಲ್ಲಿ ಕಾಣುವ ಭಾರತೀಯ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಮರುಕದಿಂದಲೇ ಆದರೂ ಅದನ್ನು ಮನೆಗೆ ತಂದು ಸಾಕುವಂತಿಲ್ಲ. ಗಾಯಗೊಂಡದ್ದು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ. ವೇಲ್ಡ್, ಪ್ಯಾಂಥರ್‌ನಂಥ ವಿದೇಶಿ ಗೋಸುಂಬೆಗಳು ಸೈಟೀಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ, 2024ರ ನಿಯಮಗಳ ಪ್ರಕಾರ ಅವುಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು. ಕೊಳ್ಳುವ ಯೋಚನೆ ಇರುವವರು ಮೊದಲು ತಮ್ಮ ಊರಿನಲ್ಲಿ ಸರೀಸೃಪಗಳಿಗೆ ಚಿಕಿತ್ಸೆ ಕೊಡಬಲ್ಲ ಪಶುವೈದ್ಯರೊಬ್ಬರನ್ನು ಹುಡುಕಿ, ಆಮೇಲೆ ಜಾಲರಿಯ ಗೂಡು ಕಟ್ಟಿ ದೀಪ, ನೀರು ಹೊಂದಿಸಿ, ಒಂದೆರಡು ವಾರ ಅದರ ಬಿಸಿ ಮತ್ತು ತೇವವನ್ನು ಅಳೆದು ನೋಡಿ. ವೈದ್ಯರು ಸಿಗದಿದ್ದರೆ ದಯವಿಟ್ಟು ಗೋಸುಂಬೆಯನ್ನು ತರಬೇಡಿ.