ಹೆಸರು ಕೊಳ್ಳಬೇಡಿ, ಗಿಟಾರು ಕೊಳ್ಳಿ

ಕನ್ನಡ ಸಂಘದ ಪತ್ರಿಕೆಯಲ್ಲಿ ಗಿಟಾರಿನ ಮಾತೇಕೆ ಅಂತ ಕೆಲವರು ಹುಬ್ಬೇರಿಸಬಹುದು. ವೀಣೆ, ತಂಬೂರಿ ಅಂದರೆ ಸಂಸ್ಕೃತಿ, ಗಿಟಾರು ಅಂದರೆ ಫ್ಯಾಶನ್ನು ಎಂದು ತಿಳಿದ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಇರಲಿ ಬಿಡಿ. ಭಾವಗೀತೆ ಹಾಡುವ ನಮ್ಮ ಹುಡುಗ ಹುಡುಗಿಯರ ಮಡಿಲಿಗೂ ಗಿಟಾರು ಬಂದು ಕೂತಿದೆ. ಹೊಸದಕ್ಕೆ ದುಡ್ಡು ಸಾಲದು, ಆದ್ದರಿಂದ ಹುಡುಕಾಟವೆಲ್ಲ ಸೆಕೆಂಡ್ ಹ್ಯಾಂಡಿಗೆ. ಚೋರ್ ಬಜಾರಿನಲ್ಲೋ, ಹಾಸ್ಟೆಲಿನ ನೋಟೀಸ್ ಬೋರ್ಡಿನಲ್ಲೋ, ಫೋನಿನ ಜಾಹೀರಾತಿನಲ್ಲೋ ಒಂದು ಸಿಗುತ್ತದೆ. ಮಾರುವವನದು ಒಂದೇ ಮಂತ್ರ: "ಏಕ್‌ದಮ್ ಒರಿಜಿನಲ್ ಹೈ ಭಾಯ್!" ಕೊಳ್ಳುವವನದೂ ಒಂದೇ ಪ್ರಶ್ನೆ: "ಒರಿಜಿನಲ್ ತಾನೇ?"

ನನ್ನ ವಾದ ಇಷ್ಟೆ. ಈ ಪ್ರಶ್ನೆ ಸಾಲದು. ಕೇಳಬೇಕಾದ್ದು ಎರಡು. ಮಾರುವವನು ಹೇಳುವ ಕಥೆಗೂ ಅವನ ಕೈಯಲ್ಲಿರುವ ಗಿಟಾರಿಗೂ ತಾಳೆ ಇದೆಯೇ? ತಾಳೆ ಇದ್ದರೂ ಇಲ್ಲದಿದ್ದರೂ, ಅದು ನುಡಿಸಲು ಯೋಗ್ಯವೇ? ಮೊದಲನೆಯದು ನಮ್ಮ ದುಡ್ಡನ್ನು ಕಾಯುತ್ತದೆ, ಎರಡನೆಯದು ನಮ್ಮ ಸಂಗೀತವನ್ನು ಕಾಯುತ್ತದೆ. ನಮ್ಮವರು ಮೊದಲನೆಯದನ್ನು ಅರ್ಧ ಕೇಳುತ್ತಾರೆ, ಎರಡನೆಯದನ್ನು ಕೇಳುವುದೇ ಇಲ್ಲ.

ಮೊದಲು ಕಥೆಯನ್ನು ನೋಡೋಣ. ಕೋಲ್ಕತ್ತಾದಲ್ಲಿ ಗಿವ್ಸನ್ ಎಂಬ ಹೆಸರಿನ ಗಿಟಾರುಗಳು ತಯಾರಾಗುತ್ತವೆ. ನಮ್ಮ ದೇಶದಲ್ಲಿ ಎಷ್ಟೋ ಜನ ಮೊದಲ ಪಾಠ ಕಲಿತದ್ದು ಇಂಥ ದೇಶೀ ಗಿಟಾರಿನ ಮೇಲೇ. ಹೆಸರು ಕೇಳಿದರೆ ಅಮೆರಿಕದ ಗಿಬ್ಸನ್ ನೆನಪಾಗುತ್ತದೆ, ನಿಜ. ಆದರೆ ಗಿವ್ಸನ್ ಅನ್ನು ಗಿವ್ಸನ್ ಎಂದೇ ಮಾರಿದರೆ ಅದರಲ್ಲಿ ಮೋಸ ಎಲ್ಲಿದೆ? ಇಂಗ್ಲಿಷಿನ ವಿ ಅಕ್ಷರವನ್ನು ಕೆರೆದು ಬಿ ಮಾಡಿದರೆ, ಅಥವಾ 'ಅದೂ ಇದೂ ಒಂದೇ ಕಂಪನಿ' ಅಂತ ಪುಸಲಾಯಿಸಿದರೆ ಅದು ಮೋಸ. ಸುಳ್ಳು ಇರುವುದು ಮರದಲ್ಲಲ್ಲ, ಬಾಯಲ್ಲಿ. ಈ ವ್ಯತ್ಯಾಸ ತಿಳಿಯದೆ ದೇಶೀ ಗಿಟಾರುಗಳನ್ನೆಲ್ಲ 'ಡೂಪ್ಲಿಕೇಟು' ಅಂತ ಕರೆಯುವ ಚಾಳಿ ನಮ್ಮಲ್ಲಿದೆ. ಇದು ಆ ಕೆಲಸಗಾರರಿಗೆ ಮಾಡುವ ಅವಮಾನ.

ನಿಜವಾದ ನಕಲಿಯೂ ಇದೆ. ಯಮಹಾ, ಮಾರ್ಟಿನ್, ಗಿಬ್ಸನ್ ಎಂದು ಅಚ್ಚೊತ್ತಿಕೊಂಡು ಬರುವ, ಆ ಕಾರ್ಖಾನೆಗಳ ಮುಖವನ್ನೇ ನೋಡದ ಗಿಟಾರುಗಳು. ಇವನ್ನು ಹಿಡಿಯುವ ಉಪಾಯ ತಲೆಯ ಮೇಲಿನ ಹೆಸರು ಓದುವುದಲ್ಲ. ಹೆಸರನ್ನು ಯಾರೂ ಅಂಟಿಸಬಹುದು. ಒಂದು ಸಾಕ್ಷಿಯನ್ನು ಇನ್ನೊಂದು ಸಾಕ್ಷಿಯ ಎದುರು ನಿಲ್ಲಿಸಿ, ಪಾಟೀಸವಾಲು ಹಾಕಬೇಕು.

ಉದಾಹರಣೆಗೆ ಯಮಹಾ. ಈ ಕಂಪನಿಯ ಹೆಸರು ಬಹುಕಾಲ ನಿಪ್ಪೊನ್ ಗಾಕ್ಕಿ ಎಂದಿತ್ತು. ಯಮಹಾ ಕಾರ್ಪೊರೇಶನ್ ಆದದ್ದು 1987ರಲ್ಲಿ. 'ನಮ್ಮಪ್ಪ 1975ರಲ್ಲಿ ಜಪಾನಿನಿಂದ ತಂದದ್ದು' ಎಂದು ಕೊಟ್ಟ ಗಿಟಾರಿನ ಹೊಟ್ಟೆಯ ಲೇಬಲ್ಲಿನಲ್ಲಿ ಯಮಹಾ ಕಾರ್ಪೊರೇಶನ್ ಎಂದಿದ್ದರೆ ಅಪ್ಪನ ಕಥೆ ಅಲ್ಲಿಗೇ ಮುಗಿಯಿತು. ಇನ್ನು, ವಿದ್ಯಾರ್ಥಿಗಳಲ್ಲಿ ಹೆಚ್ಚು ಓಡಾಡುವ ಎಫ್-310 ಮಾದರಿ. ಅದರ ತಂತಿಯ ಅಳತೆ 634 ಮಿ.ಮೀ. ಅಂದರೆ ಕತ್ತಿನ ತುದಿಯ ನಟ್‌ನಿಂದ 12ನೇ ಫ್ರೆಟ್ಟಿನವರೆಗೆ ಅದರ ಅರ್ಧ, 317 ಮಿ.ಮೀ. ದರ್ಜಿಯ ಟೇಪು ಜೇಬಿನಲ್ಲಿದ್ದರೆ ಸಾಕು, ಅಳೆಯಬಹುದು. ಅದರ ಮುಂಭಾಗ ಪದರ ಪದರ ಅಂಟಿಸಿದ ಹಲಗೆ. 'ಎಫ್-310, ಅಖಂಡ ಮರದ್ದು' ಅಂತ ಯಾರಾದರೂ ಹೇಳಿದರೆ ಅವನಿಗೆ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಅಂತ ಅವನು ತಿಳಿದಿದ್ದಾನೆ.

ಮಾರ್ಟಿನ್ ಕಂಪನಿ 1898ರಿಂದ ತನ್ನ ಗಿಟಾರುಗಳಿಗೆ ಕ್ರಮಸಂಖ್ಯೆ ಹಾಕುತ್ತಾ ಬಂದಿದೆ, 8000ದಿಂದ ಶುರುಮಾಡಿ. ಸಂಖ್ಯೆ ಇರುವುದು ಒಳಗೆ, ಕತ್ತು ಬಂದು ಸೇರುವ ಮರದ ದಿಮ್ಮಿಯ ಮೇಲೆ. ತೂತಿನಲ್ಲಿ ಟಾರ್ಚು ಬಿಟ್ಟರೆ ಕಾಣುತ್ತದೆ. ಯಾವ ಸಂಖ್ಯೆ ಯಾವ ವರ್ಷದ್ದು ಎಂಬ ಪಟ್ಟಿಯನ್ನು ಕಂಪನಿಯೇ ಬಹಿರಂಗವಾಗಿ ಇಟ್ಟಿದೆ. ಗಿಬ್ಸನ್ 1977ರಲ್ಲಿ ಎಂಟಂಕಿಯ ಸಂಖ್ಯೆ ಶುರುಮಾಡಿತು. ಅದರ ಮೊದಲನೆಯ ಮತ್ತು ಐದನೆಯ ಅಂಕಿ ಸೇರಿಸಿದರೆ ವರ್ಷ. ಆದರೆ 1960ರ, 70ರ ದಶಕಗಳಲ್ಲಿ ಅದೇ ಕಂಪನಿ ಒಂದೇ ಸಂಖ್ಯೆಯನ್ನು ಬೇರೆ ಬೇರೆ ವರ್ಷ ಮತ್ತೆ ಬಳಸಿದ್ದೂ ಉಂಟು. ಆದ್ದರಿಂದ ಸಂಖ್ಯೆಯೊಂದನ್ನೇ ನಂಬಿ ಕೂರುವುದೂ ಜಾಣತನವಲ್ಲ. ನಕಲಿ ಮಾಡುವವನಿಗೆ ಸಂಖ್ಯೆ ಒತ್ತಲು ಬಾರದೇ?

ಇಲ್ಲೊಂದು ತಮಾಷೆಯ ಸಂಗತಿ ಇದೆ. ಹಿಂದೆ ಮಾರ್ಟಿನ್‌ನ ಡಿ-28 ಮಾದರಿಯ ಬೆನ್ನಿಗೂ ಪಕ್ಕೆಗೂ ಬ್ರೆಜಿಲ್ ದೇಶದ ರೋಸ್‌ವುಡ್ ಹಾಕುತ್ತಿದ್ದರು. ಅದು ಸಿಗುವುದು ಕಷ್ಟವಾದಾಗ, 1969ರ ಕೊನೆಯ ಹೊತ್ತಿಗೆ ಭಾರತದ ರೋಸ್‌ವುಡ್‌ಗೆ ಬದಲಾಯಿಸಿದರು. ಅದು ಬೇರೇನಲ್ಲ, ನಮ್ಮ ಮಲೆನಾಡಿನಲ್ಲೂ ಕೊಡಗಿನಲ್ಲೂ ಬೆಳೆಯುವ ಬೀಟೆ ಮರದ ಜಾತಿ. 'ಡಿ-28, 1975ರ ಮಾಡೆಲ್ಲು, ಬ್ರೆಜಿಲ್ ಮರ' ಎಂದು ಯಾರಾದರೂ ರೇಟು ಏರಿಸಿದರೆ ಈ ಲೆಕ್ಕ ನೆನಪಿಡಿ. ಇನ್ನೊಂದು ಮಾತು. 'ಫಾರಿನ್' ಎಂದು ಬಾಯಿ ಬಿಟ್ಟುಕೊಂಡು ನೋಡುವ ಗಿಟಾರಿನ ಬೆನ್ನು ನಮ್ಮ ಘಟ್ಟದ ಮರ ಆಗಿರಬಹುದು. ಅಸಲಿತನ ಅಂದರೆ ವಿದೇಶೀತನ ಅನ್ನುವ ಭ್ರಮೆಗೆ ಇದಕ್ಕಿಂತ ಒಳ್ಳೆಯ ಔಷಧಿ ಬೇಕೆ?

ಈಗ ಎರಡನೆಯ ಪ್ರಶ್ನೆ. ನನ್ನ ಮಟ್ಟಿಗೆ ಇದೇ ದೊಡ್ಡದು. ಅಸಲಿ ಗಿಟಾರೂ ಕೆಟ್ಟಿರಬಹುದು. ಮುಂಬಯಿಯ ಮಳೆಗಾಲ ಅಸಲಿ ನಕಲಿ ನೋಡುವುದಿಲ್ಲ. ಮರ ತೇವ ಕುಡಿದು ಹಿಗ್ಗುತ್ತದೆ, ಅಂಟು ಬಿಡುತ್ತದೆ, ಹೊಟ್ಟೆ ಉಬ್ಬುತ್ತದೆ. ಹೀಗೆ ಪರೀಕ್ಷೆ ಮಾಡಿ. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ, ಬಡಗಿ ಹಲಗೆ ನೋಡುವ ಹಾಗೆ ಕತ್ತಿನ ಉದ್ದಕ್ಕೆ ನೋಡಿ. ಒಂದು ಕೂದಲೆಳೆ ಬಾಗಿದ್ದರೆ ಚಿಂತೆಯಿಲ್ಲ, ಕತ್ತಿನೊಳಗೆ ಸರಿಮಾಡುವ ಉಕ್ಕಿನ ಸರಳು ಇದ್ದರೆ ತಿರುಗಿಸಿ ನೆಟ್ಟಗೆ ಮಾಡಬಹುದು. ಆದರೆ ತಿರುಚಿಕೊಂಡಿದ್ದರೆ ಬಿಟ್ಟುಬಿಡಿ. ತಂತಿ ಕಟ್ಟಿದ ಬ್ರಿಡ್ಜಿನ ಹಿಂದುಗಡೆ ಒಂದು ಕಾಗದದ ಅಂಚು ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಟ್ಟಿದೆ ಅಂತಲೇ ಅರ್ಥ. ತೂತಿನ ಅಂಚನ್ನು ನೋಡಿ. ಮೇಲಿನ ಮರದ ಗೆರೆಗಳು ಅಂಚಿನಲ್ಲೂ ಮುಂದುವರಿದರೆ ಅಖಂಡ ಹಲಗೆ, ಪದರ ಕಂಡರೆ ಪ್ಲೈ. 12ನೇ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಎರಡೂ ಒಂದೇ ಸ್ವರ ಬರಬೇಕು. ಬರದಿದ್ದರೆ ನೀವು ಎಷ್ಟೇ ಶ್ರುತಿ ಮಾಡಿ, ಮೇಲಿನ ಸ್ವರಗಳು ಅಳುತ್ತಲೇ ಇರುತ್ತವೆ.

ಅಲ್ಲೇ ತಂತಿಯ ಎತ್ತರವನ್ನೂ ನೋಡಿ. 12ನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ ಎರಡೂವರೆ ಮಿ.ಮೀ. ಆಸುಪಾಸು ಇದ್ದರೆ ಆರಾಮ. ನಾಲ್ಕು, ಐದು ಎಂದು ಏರಿದರೆ ಒತ್ತುವುದು ಶಿಕ್ಷೆ. ಇದು ಸಣ್ಣ ವಿಷಯವಲ್ಲ ಸ್ವಾಮಿ. ಟ್ಯೂಷನ್ ಹೇಳಿ ಕೂಡಿಸಿದ ದುಡ್ಡಿನಲ್ಲಿ ಒಬ್ಬ ಹುಡುಗಿ ಗಿಟಾರು ಕೊಳ್ಳುತ್ತಾಳೆ ಅನ್ನಿ. ತಂತಿ ಎತ್ತರ, ಶ್ರುತಿ ನಿಲ್ಲುವುದಿಲ್ಲ, ಬೆರಳು ಉರಿಯುತ್ತವೆ. ಎರಡು ತಿಂಗಳು ಒದ್ದಾಡಿ ಅವಳು ಏನೆಂದುಕೊಳ್ಳುತ್ತಾಳೆ? ಗಿಟಾರು ಸರಿಯಿಲ್ಲ ಎಂದಲ್ಲ. 'ನನಗೆ ಸಂಗೀತ ಬರುವುದಿಲ್ಲ, ನನ್ನ ಕಿವಿ ಸರಿಯಿಲ್ಲ' ಎಂದು. ಗಿಟಾರು ಕಪಾಟಿನ ಮೇಲೆ ಹೋಗುತ್ತದೆ. ಹೋದ ದುಡ್ಡು ಮತ್ತೆ ಸಂಪಾದಿಸಬಹುದು, ಈ ತಪ್ಪು ತೀರ್ಮಾನವನ್ನು ಯಾರು ಅಳಿಸುತ್ತಾರೆ? ಇದರ ಮುಂದೆ ತಲೆಯ ಮೇಲಿನ ಹೆಸರಿನ ಮೋಸ ನನಗೆ ಚಿಕ್ಕದಾಗಿ ಕಾಣುತ್ತದೆ.

'ನುಡಿಸಲು ಚೆನ್ನಾಗಿದ್ದರೆ ಸಾಕು, ನಕಲಿಯಾದರೇನು?' ಅನ್ನುವ ವೇದಾಂತಿಗಳೂ ಇದ್ದಾರೆ. ಒಪ್ಪುವುದಿಲ್ಲ. ಪ್ಲೈವುಡ್ಡಿಗೆ ಪ್ಲೈವುಡ್ಡಿನ ರೇಟು ಕೊಡಿ, ಸಂತೋಷವಾಗಿ ನುಡಿಸಿ. ಮಾರ್ಟಿನ್ ರೇಟು ಕೊಟ್ಟು ಬಂದು ನಾದಬ್ರಹ್ಮದ ಮಾತಾಡಿದರೆ ಅದು ವೇದಾಂತವಲ್ಲ, ಸಮಾಧಾನ.

ನೋಡಲು ಹೋಗುವಾಗ ಕೊಳ್ಳುವ ಆಸೆಯಿಲ್ಲದ ಒಬ್ಬ ಗೆಳೆಯನನ್ನು ಕರೆದುಕೊಂಡು ಹೋಗಿ. ಆಸೆ ಇರುವ ಕಣ್ಣಿಗೆ ಬಿರುಕು ಕಾಣುವುದಿಲ್ಲ. ಹಳೆಯ ಬಿಲ್ಲು ಇದೆಯೇ ಕೇಳಿ. ಕದ್ದ ಮಾಲು ಅಸಲಿಯಾಗಿದ್ದರೂ ನಮಗೆ ಬೇಡ. 'ಇವತ್ತೇ ತಗೊಳ್ಳಿ, ನಾಳೆ ಇನ್ನೊಬ್ಬರು ಬರ್ತಾರೆ' ಅಂದರೆ ಬರಲಿ ಬಿಡಿ.

ಕೊನೆಗೆ ಒಂದು ಸಲಹೆ, ಇದು ನಮಗೇ ಅನ್ವಯಿಸುವುದು. ಕೊಳ್ಳುವವರು ಮೂರು ವರ್ಷ ಆದ ಮೇಲೆ ಮಾರುವವರಾಗುತ್ತಾರೆ. ಡಿಗ್ರಿ ಮುಗಿಸಿ ಊರು ಬಿಡುವ ಆತುರದಲ್ಲಿ, ಕಿರಿಯರ ಮುಂದೆ ಅದೇ 'ಒರಿಜಿನಲ್' ಮಂತ್ರ ಹೇಳುವ ಚಪಲ ನಮಗೂ ಬರುತ್ತದೆ. ಅದಕ್ಕೆ ನಮ್ಮ ಸಂಘದಲ್ಲಿ ಒಂದು ಪದ್ಧತಿ ಇಟ್ಟುಕೊಳ್ಳೋಣ. ಗಿಟಾರಿನ ಚೀಲದಲ್ಲಿ ಒಂದು ಚೀಟಿ ಇರಲಿ. ಎಲ್ಲಿ ಕೊಂಡದ್ದು, ಎಷ್ಟಕ್ಕೆ, ಏನು ಒಡೆದಿತ್ತು, ಯಾರು ರಿಪೇರಿ ಮಾಡಿದರು, ಎಲ್ಲ ಕನ್ನಡದಲ್ಲಿ, ಸಹಿ ಮಾಡಿ. ಕೈ ಬದಲಾದ ಹಾಗೆ ಚೀಟಿಯೂ ಬೆಳೆಯಲಿ. ಯಾವ ಕಾರ್ಖಾನೆಯ ಲೇಬಲ್ಲಿಗಿಂತಲೂ ನಾನು ಆ ಚೀಟಿಯನ್ನು ಹೆಚ್ಚು ನಂಬುತ್ತೇನೆ.