ಒಣಮರವೂ ಕಾಡಿನ ಆಸ್ತಿಯೇ

ದಾಂಡೇಲಿಯ ಕಾಡು ನೋಡಹೊರಡುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಅಲ್ಲಿಯ ಬಿಳಿಹೊಟ್ಟೆಯ ಮರಕುಟಿಗ ಹಕ್ಕಿಯನ್ನು ಗುರುತಿಸುವುದು ಕಷ್ಟವಲ್ಲ. ಊರಕಾಗೆಗಿಂತ ತುಸು ದೊಡ್ಡದು, ಸುಮಾರು 48 ಸೆಂಟಿಮೀಟರ್ ಉದ್ದ; ಕಪ್ಪು ಮೈ, ಬಿಳಿಯ ಹೊಟ್ಟೆ. ಗಂಡಿಗೆ ನೆತ್ತಿಯೂ ಕೆನ್ನೆಯ ಪಟ್ಟೆಯೂ ಕೆಂಪು; ಹೆಣ್ಣಿಗೆ ತಲೆಯ ಹಿಂಭಾಗವಷ್ಟೇ ಕೆಂಪು. ಕಷ್ಟವಿರುವುದು ಅದು ಕಣ್ಣಿಗೆ ಬೀಳುವುದರಲ್ಲಿ. ಅದು ಇರುವೆ, ಹುಳುಗಳನ್ನು ಹೆಕ್ಕುವುದೂ ಗೂಡು ಕೊರೆಯುವುದೂ ಹೆಚ್ಚಾಗಿ ಸತ್ತು ನಿಂತ ಹೆಮ್ಮರಗಳಲ್ಲಿ. ಅಂತಹ ಮರವನ್ನು ನಾವು ನಿರುಪಯೋಗಿಯೆಂದು ಕಡಿದು ಸೌದೆ ಮಾಡುತ್ತೇವೆ. ಆ ಹಕ್ಕಿ ತೊರೆದ ಪೊಟರೆಗಳಲ್ಲಿ ಬೇರೆ ಜೀವಿಗಳೂ ಆಶ್ರಯ ಪಡೆಯುತ್ತವೆ. ಆದ್ದರಿಂದ ನನ್ನ ಅಭಿಪ್ರಾಯವಿಷ್ಟೇ: ಸಸಿ ನೆಡುವುದು ಪುಣ್ಯವಾದರೆ, ಕಾಡಿನ ಒಣಮರವನ್ನು ನಿಂತಲ್ಲಿಯೇ ಬಿಡುವುದೂ ಅಷ್ಟೇ ಪುಣ್ಯ. ನಿಮ್ಮ ಮಕ್ಕಳಿಗೆ ಹಕ್ಕಿಯ ಗುರುತಿನ ಜೊತೆಗೆ ಇದನ್ನೂ ಹೇಳಿಕೊಡಿ.